ಶ್ರೀರಂಗಪಟ್ಟಣದ ಐದು ಏಳುಗಳು

ಶ್ರೀರಂಗಪಟ್ಟಣದ ಪಿನ್‌ಕೋಡ್ 571438. ಪಾಂಡವಪುರದ್ದು 571434, ನಾಗಮಂಗಲದ್ದು 571432, ಕೆ.ಆರ್. ಪೇಟೆಯದು 571426. ಅಂಚೆಯವರ ಮಟ್ಟಿಗೆ ಇವು ಸಂಖ್ಯೆಗಳೇ ಅಲ್ಲ, ಬರೀ ಗುರುತುಗಳು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗ ನಮ್ಮ ಕಡೆಯ ವಲಯಕ್ಕೆ 5 ಎಂಬ ಅಂಕಿ ಬಂತು. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. 571ರ ಅಡಿ ಮಂಡ್ಯದ ಊರುಗಳಲ್ಲದೆ ಮಡಿಕೇರಿ, ಚಾಮರಾಜನಗರಗಳೂ ಇವೆ. ಇಂಥ ಗುರುತನ್ನು ಯಾವ ಪೋಸ್ಟ್‌ಮ್ಯಾನೂ ಏಳರಿಂದ ಭಾಗಿಸಿ ನೋಡುವುದಿಲ್ಲ. ಈ ಅಧ್ಯಾಯದಲ್ಲಿ ನಾವು ಆ ಕೆಲಸ ಮಾಡೋಣ.

ಅದಕ್ಕೆ ಮೊದಲು, ಈ ಊರುಗಳಿಗೆ ಇವೇ ಸಂಖ್ಯೆಗಳು ಯಾಕೆ ಸಿಕ್ಕವು? ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಓದಿ: 26 ಕೃಷ್ಣರಾಜಪೇಟೆ, 28 ಮದ್ದೂರು, 30 ಮಳವಳ್ಳಿ, 31 ಮೇಲುಕೋಟೆ, 32 ನಾಗಮಂಗಲ, 34 ಪಾಂಡವಪುರ, 38 ಶ್ರೀರಂಗಪಟ್ಟಣ. ಕೆ, ಎಂ, ಎನ್, ಪಿ, ಎಸ್. ಅಪ್ಪಟ ಇಂಗ್ಲಿಷ್ ಅಕ್ಷರಮಾಲೆ! ಕೆ.ಆರ್. ಪೇಟೆ ಅತ್ತಿಗುಪ್ಪೆಯಾಗಿಯೇ ಉಳಿದಿದ್ದರೆ, ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿಯೇ ಇದ್ದಿದ್ದರೆ ಸಾಲು ಬೇರೆಯಾಗುತ್ತಿತ್ತು, ಈ ಅಧ್ಯಾಯವೂ ಬೇರೆಯಾಗುತ್ತಿತ್ತು. ಮುಂದೆ ಕಾಣುವ ಗುಣಗಳನ್ನು ಯಾರೂ ಊರಿಗೆ ಹೊಂದಿಸಿ ಇಟ್ಟದ್ದಲ್ಲ. ಊರಿಗೆ ಸಂಖ್ಯೆ ಆಕಸ್ಮಿಕವಾಗಿ ಬಂತು, ಸಂಖ್ಯೆಯ ಗುಣ ಮಾತ್ರ ಮೊದಲಿಂದಲೂ ಅದರೊಳಗೇ ಇತ್ತು.

ಪೆನ್ಸಿಲ್ ಹಿಡಿದು ಶ್ರೀರಂಗಪಟ್ಟಣದಿಂದ ಶುರುಮಾಡಿ. 571438 ಸಮಸಂಖ್ಯೆ, ಅರ್ಧ ಮಾಡಿದರೆ 285719. ಅಂಕಿಗಳ ಮೊತ್ತ 28, ಆದ್ದರಿಂದ ಮೂರರಿಂದ ಭಾಗವಾಗದು. ಕೊನೆಯ ಅಂಕಿ ಸೊನ್ನೆಯೂ ಅಲ್ಲ, ಐದೂ ಅಲ್ಲ. ಮುಂದಿನದು ಏಳು. ಏಳು ನಾಲ್ಕಲ ಇಪ್ಪತ್ತೆಂಟು, ಐದು ಉಳಿಯಿತು, ಏಳನ್ನು ಇಳಿಸಿಕೊಂಡರೆ 57... ಹೀಗೆ ಸಾಗಿ ಶೇಷವಿಲ್ಲದೆ 40817 ಬರುತ್ತದೆ. ಏಳು ಸಂಖ್ಯೆಗಳಿಗೊಂದು ಏಳರಿಂದ ಭಾಗವಾಗಲೇಬೇಕಲ್ಲ, ಅದರಲ್ಲೇನೂ ವಿಶೇಷವಿಲ್ಲ. ಇನ್ನೊಮ್ಮೆ ಭಾಗಿಸಿ: 5831. ಮತ್ತೆ ಶೇಷ ಸೊನ್ನೆ. ಮೂರನೆಯ ಸಲ 833. ಈಗ ಕೈ ತಾನಾಗಿಯೇ ನಿಧಾನವಾಗುತ್ತದೆ. ನಾಲ್ಕನೆಯ ಸಲ 119. ಐದನೆಯ ಸಲ 17. ಅಲ್ಲಿಗೆ ನಿಂತಿತು. ಅಂದರೆ

571438 = 2 × 7 × 7 × 7 × 7 × 7 × 17.

ಚುಟುಕಾಗಿ 2 × 7⁵ × 17. ಆರು ಅಂಕಿಯ ಒಟ್ಟು ಒಂಬತ್ತು ಲಕ್ಷ ಸಂಖ್ಯೆಗಳಲ್ಲಿ ಏಳರಿಂದ ಹೀಗೆ ಐದು ಸಲ ಭಾಗವಾಗುವವು ಬರೀ 54. 571ರಿಂದ ಶುರುವಾಗುವ ಸಾವಿರ ಸಂಖ್ಯೆಗಳಲ್ಲಿ ಇದೊಂದೇ. ಹತ್ತರ ಬದಲು ಏಳನ್ನು ಆಧಾರವಾಗಿಟ್ಟುಕೊಂಡು ಎಣಿಸುವ ಜನ ಎಲ್ಲಾದರೂ ಇದ್ದರೆ, ಅವರ ಲಕೋಟೆಯ ಮೇಲೆ ಈ ಪಿನ್‌ಕೋಡ್ 4600000 ಎಂದು ಕಾಣುತ್ತಿತ್ತು. ನಲವತ್ತಾರರ ಹಿಂದೆ ಐದು ಸೊನ್ನೆ. ನಮಗೆ ಅಂಕಿಗಳ ಗೊಂಚಲಾಗಿ ಕಾಣುವುದು ಅವರಿಗೆ ದುಂಡು ಸಂಖ್ಯೆ. ಒಂದು ಸಂಖ್ಯೆಯನ್ನು ಯಾವ ಆಧಾರದಲ್ಲಿ ಬರೆಯುತ್ತೇವೆ ಎನ್ನುವುದಕ್ಕೆ ತಕ್ಕಂತೆ ಅದರ ವೇಷ ಬದಲಾಗುತ್ತದೆ. ಅದರ ಅವಿಭಾಜ್ಯ ಅಪವರ್ತನಗಳು ಬದಲಾಗುವುದಿಲ್ಲ. ಎರಡು, ಐದು ಏಳುಗಳು, ಒಂದು ಹದಿನೇಳು: ಯಾವ ದಾರಿಯಲ್ಲಿ ಭಾಗಿಸಿಕೊಂಡು ಹೋದರೂ ಕೊನೆಗೆ ಸಿಗುವುದು ಇವೇ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಎಂಬ ಭಾರದ ಹೆಸರಿನಲ್ಲಿ ಬರುವುದು ಇಷ್ಟೇ ಮಾತು. ಅದನ್ನು ಉರು ಹೊಡೆಸುವ ಬದಲು ಮಕ್ಕಳ ಕೈಗೆ ಅವರವರ ಊರಿನ ಪಿನ್‌ಕೋಡ್ ಕೊಟ್ಟರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದ ಪಕ್ಕದಲ್ಲೇ ಪಾಂಡವಪುರ. ಸಂಖ್ಯೆಯಲ್ಲೂ ಬರೀ ನಾಲ್ಕು ಕಡಿಮೆ. ಒಳಗೂ ಹೋಲಿಕೆ ಇರಬಹುದೇ? 571434ನ್ನು ಎರಡರಿಂದ, ಮೂರರಿಂದ ಭಾಗಿಸಿದರೆ 95239 ಉಳಿಯುತ್ತದೆ. ಇಲ್ಲಿಂದ ಮುಂದಕ್ಕೆ ದಾರಿಯೇ ಇಲ್ಲ. ಏಳು ಹೋಗದು, ಹನ್ನೊಂದು ಹೋಗದು, ಹದಿಮೂರು ಹೋಗದು. ಎಲ್ಲಿಯವರೆಗೆ ಪ್ರಯತ್ನಿಸಬೇಕು? 95239ರ ವರ್ಗಮೂಲ 308ಕ್ಕಿಂತ ಚೂರು ಹೆಚ್ಚು. ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಚಿಕ್ಕದು 308ನ್ನು ಮೀರುವಂತಿಲ್ಲ. ಆದ್ದರಿಂದ 2ರಿಂದ 307ರವರೆಗಿನ 63 ಅವಿಭಾಜ್ಯ ಸಂಖ್ಯೆಗಳನ್ನು ಹಚ್ಚಿ ನೋಡಿದರೆ ಸಾಕು. ಒಂದೂ ತಗಲುವುದಿಲ್ಲ. 95239 ಅವಿಭಾಜ್ಯ.

ಈ ಲೆಕ್ಕ ಮಾಡುವಾಗ ಒಂದು ತಮಾಷೆ ಕಣ್ಣಿಗೆ ಬೀಳುತ್ತದೆ. 95239ನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ 1. ಹದಿಮೂರರಿಂದ ಭಾಗಿಸಿದರೂ ಶೇಷ 1. ಮೂವತ್ತೇಳರಿಂದಲೂ 1. ಎಲ್ಲ ಕಡೆ ಒಂದರಿಂದ ತಪ್ಪುತ್ತಿದೆ ಎಂದರೆ ಇದಕ್ಕಿಂತ ಒಂದು ಕಡಿಮೆಯಾದ 95238ರಲ್ಲಿ ಇವೆಲ್ಲ ಕೂಡಿವೆ ಎಂದಾಯಿತು. ಹೌದು, 95238 = 2 × 3² × 11 × 13 × 37. ಅದರ ಆರರಷ್ಟು 571428, ಮದ್ದೂರಿನ ಪಿನ್‌ಕೋಡ್! ಪಾಂಡವಪುರದ ಆರನೇ ಒಂದು ಪಾಲು ಒಡೆಯದ ಕಲ್ಲು, ಮದ್ದೂರಿನ ಆರನೇ ಒಂದು ಪಾಲು ಪುಡಿಪುಡಿ. ನಡುವೆ ಅಂತರ ಬರೀ ಒಂದು.

ಕೆ.ಆರ್. ಪೇಟೆಯ 571426ನ್ನು ಒಡೆದರೆ 2 × 47 × 6079. ನಾಗಮಂಗಲದ 571432 ಅಂದರೆ 2 × 2 × 2 × 71429. 6079, 71429 ಎರಡೂ ಅವಿಭಾಜ್ಯ. ಈ ನಾಲ್ಕು ತಾಲ್ಲೂಕುಗಳ ಸಂಖ್ಯೆಗಳಲ್ಲಿ ಎಲ್ಲಕ್ಕೂ ಸಮಾನವಾಗಿರುವುದು ಎರಡು ಮಾತ್ರ. ಭಾಜಕಗಳನ್ನು ಎಣಿಸಿದರೆ ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಗಳಿಗೆ ತಲಾ 8, ಶ್ರೀರಂಗಪಟ್ಟಣಕ್ಕೆ 24. ಮದ್ದೂರಿಗೆ 96.

ಪಕ್ಕಪಕ್ಕದಲ್ಲಿದ್ದೂ ಇವು ಹೀಗೆ ಅಪರಿಚಿತರಾಗಿರುವುದು ಆಶ್ಚರ್ಯವೇ? ಯೋಚಿಸಿ ನೋಡಿದರೆ ಅಪರಿಚಿತರಾಗಿ ಇರಲೇಬೇಕು. ಒಂದು ಸಂಖ್ಯೆ 571438ನ್ನೂ ಭಾಗಿಸುತ್ತದೆ, 571426ನ್ನೂ ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಅವುಗಳ ವ್ಯತ್ಯಾಸವನ್ನೂ ಭಾಗಿಸಬೇಕು. ವ್ಯತ್ಯಾಸ 12. ಆದ್ದರಿಂದ ಇವೆರಡಕ್ಕೂ ಸಮಾನವಾದ ಭಾಜಕ ಯಾವುದೇ ಇದ್ದರೂ ಹನ್ನೆರಡರ ಒಳಗೇ ಸಿಗಬೇಕು. ಕೆ.ಆರ್. ಪೇಟೆಯ 47 ಈ ಸಾಲಿನ ಇನ್ನಾವ ಊರಿಗೂ ದಕ್ಕುವುದಿಲ್ಲ, ಶ್ರೀರಂಗಪಟ್ಟಣದ 17 ಕೂಡ ಹಾಗೆಯೇ. ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಮ.ಸಾ.ಅ. ಕಂಡುಹಿಡಿಯುವ ವಿಧಾನವನ್ನು ಕಟ್ಟಿದ್ದು ಇದೇ ವ್ಯತ್ಯಾಸದ ಮೇಲೆ. ಕೂಡುವ ಲೆಕ್ಕದಲ್ಲಿ ಹತ್ತಿರವಿದ್ದಷ್ಟೂ ಗುಣಿಸುವ ಲೆಕ್ಕದಲ್ಲಿ ಹಂಚಿಕೊಳ್ಳಲು ಜಾಗ ಕಡಿಮೆ. ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಈ ಮುನಿಸು ಸಂಖ್ಯಾಸಿದ್ಧಾಂತದ ಬಹುಪಾಲು ಕಷ್ಟಗಳ ಬೇರು. ಎರಡಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತವೇ ಎಂದು ಗೋಲ್ಡ್‌ಬಾಕ್ 1742ರಲ್ಲಿ ಆಯ್ಲರ್‌ಗೆ ಬರೆದ ಕಾಗದದಿಂದ ಹುಟ್ಟಿದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅವಿಭಾಜ್ಯಗಳು ಗುಣಾಕಾರಕ್ಕೆ ಸೇರಿದ ಸರಕು, ಪ್ರಶ್ನೆ ಸಂಕಲನದ್ದು.

ಮದ್ದೂರಿಗೆ ವಾಪಸು ಬರೋಣ. ಅದು ನಮ್ಮ ನಾಲ್ಕರಲ್ಲಿ ಇಲ್ಲದಿದ್ದರೂ ಅದನ್ನು ಬಿಟ್ಟು ಮುಂದೆ ಹೋಗುವುದು ಅನ್ಯಾಯ. ಒಂದನ್ನು ಏಳರಿಂದ ದಶಮಾಂಶದಲ್ಲಿ ಭಾಗಿಸಿದರೆ 0.142857142857... ಎಂದು ಆರು ಅಂಕಿ ಸುತ್ತಿ ಸುತ್ತಿ ಬರುತ್ತವೆ. ಎರಡನ್ನು ಭಾಗಿಸಿದರೆ 285714, ಮೂರನ್ನು ಭಾಗಿಸಿದರೆ 428571. ಅವೇ ಆರು ಅಂಕಿ, ಅದೇ ಸರದಿ, ಶುರುವಾಗುವ ಜಾಗ ಮಾತ್ರ ಬೇರೆ. ನಾಲ್ಕನ್ನು ಏಳರಿಂದ ಭಾಗಿಸಿದರೆ 0.571428571428... ಮದ್ದೂರು, ಮದ್ದೂರು, ಮದ್ದೂರು! ಹತ್ತು ಲಕ್ಷದವರೆಗಿನ ಸಂಖ್ಯೆಗಳನ್ನು ಒಂದು ಗೆರೆಯ ಮೇಲೆ ಗುರುತಿಸಿದರೆ ಏಳರಲ್ಲಿ ನಾಲ್ಕು ಪಾಲಿನ ಗಡಿ ಬರುವುದು ಇಲ್ಲೇ. ಈ ಗಡಿಗೆ ಎರಡು ಹಿಂದೆ ಕೆ.ಆರ್. ಪೇಟೆ, ನಾಲ್ಕು ಮುಂದೆ ನಾಗಮಂಗಲ, ಆರು ಮುಂದೆ ಪಾಂಡವಪುರ, ಹತ್ತು ಮುಂದೆ ಶ್ರೀರಂಗಪಟ್ಟಣ.

ಏಳರ ಈ ಮಾಯೆ ಕನ್ನಡ ನಾಡಿಗೆ ಹೊಸದಲ್ಲ. ಸುಮಾರು ಕ್ರಿ.ಶ. 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದರ ಗುಣಾಕಾರದ ಭಾಗದಲ್ಲಿ ಉತ್ತರವು ಹಾರದಂತೆ ಕಾಣುವ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಲೆಕ್ಕಗಳನ್ನು ಪೋಣಿಸಿಟ್ಟಿದ್ದಾನೆ. 139 × 109 = 15151. 152207 × 73 = 11111111. ಅವುಗಳಲ್ಲಿ ಒಂದು 142857143 × 7 = 1000000001. ಇನ್ನೊಂದು 14287143 × 7 = 100010001. ಇಂಥ ಉತ್ತರ ಗುಣಿಸುತ್ತಾ ಹೋದರೆ ಸಿಗುವುದಲ್ಲ. ಹಾರವನ್ನು ಮೊದಲು ಎದುರಿಗಿಟ್ಟುಕೊಂಡು, ಇದು ಯಾವುದರಿಂದ ಒಡೆಯುತ್ತದೆ ಎಂದು ಹುಡುಕಬೇಕು. ಹನ್ನೊಂದು ನೂರು ವರ್ಷಕ್ಕೂ ಹಿಂದೆ ನೂರು ಕೋಟಿಯ ಮೇಲಿನ ಒಂದನ್ನು ಏಳರಿಂದ ಭಾಗಿಸಿ, ಶೇಷ ಉಳಿಯದ್ದನ್ನು ಕಂಡು ಖುಷಿಪಟ್ಟವನು ಆತ. ವ್ಯವಹಾರಕ್ಕೆ ಬಾರದ ಲೆಕ್ಕ ಯಾಕೆ ಎಂದು ಯಾರಾದರೂ ಕೇಳಿದರೆ ಈ ಹಾರಗಳನ್ನು ತೋರಿಸಬಹುದು.

ಆವರ್ತ ದಶಮಾಂಶದ ವಿಷಯದಲ್ಲಿ ಮದ್ದೂರಿಗೂ ಶ್ರೀರಂಗಪಟ್ಟಣಕ್ಕೂ ಇರುವ ಅಂತರ ನೋಡಬೇಕು. ಒಂದನ್ನು 571428ರಿಂದ ಭಾಗಿಸಿದರೆ 0.00000175000175000175... ಮೊದಲೆರಡು ಸೊನ್ನೆ ದಾಟಿದ ಮೇಲೆ 000175 ಎಂಬ ಆರು ಅಂಕಿ ಕೊನೆಯಿಲ್ಲದೆ ಮರಳುತ್ತವೆ. ಹತ್ತು ಸಂಖ್ಯೆ ಮುಂದೆ ಹೋಗಿ ಒಂದನ್ನು 571438ರಿಂದ ಭಾಗಿಸಿ. ಅಂಕಿಗಳು ಮತ್ತೆ ಮೊದಲಿನಿಂದ ಶುರುವಾಗಬೇಕಾದರೆ 1,15,248 ಅಂಕಿ ಕಾಯಬೇಕು. ಪುಟಕ್ಕೆ ಎರಡು ಸಾವಿರ ಅಂಕಿ ತುಂಬಿದರೂ ಒಂದು ಸುತ್ತು ಮುಗಿಯುವುದು 58ನೇ ಪುಟದಲ್ಲಿ. ಅಷ್ಟನ್ನೂ ಭಾಗಿಸದೆ ಇದನ್ನು ಹೇಳಲು ಬರುತ್ತದೆ ಎನ್ನುವುದೇ ಸಂಖ್ಯಾಸಿದ್ಧಾಂತದ ಸುಖ. ಏಳರಿಂದ ಭಾಗಿಸಿದಾಗ ಸುತ್ತು 6 ಅಂಕಿಯದು. 49ರಿಂದ ಭಾಗಿಸಿದರೆ ಅದರ ಏಳುಪಟ್ಟು, 42. ಒಂದೊಂದು ಏಳು ಸೇರಿದಾಗಲೂ ಸುತ್ತು ಏಳುಪಟ್ಟು ಉದ್ದವಾಗಿ, ಐದು ಏಳಿಗೆ 14,406 ಆಗುತ್ತದೆ. ಹದಿನೇಳರ ಸುತ್ತು 16. ಎರಡೂ ಒಟ್ಟಿಗೆ ಮುಗಿಯುವ ಮೊದಲ ಜಾಗ ಇವುಗಳ ಲ.ಸಾ.ಅ., ಅದೇ 1,15,248. ಎರಡು ಎಂಬ ಅಪವರ್ತನ ಶುರುವಿನ ಒಂದು ಅಂಕಿಯನ್ನು ಮಾತ್ರ ಸುತ್ತಿನಿಂದ ಹೊರಗಿಡುತ್ತದೆ.

ನಾಗಮಂಗಲವನ್ನು ಇಲ್ಲಿಯವರೆಗೆ ಕಡೆಗಣಿಸಿದಂತಾಯಿತು. ಮೂರು ಎರಡುಗಳು, ಒಂದು ದೊಡ್ಡ ಅವಿಭಾಜ್ಯ. ಮೇಲ್ನೋಟಕ್ಕೆ ಸಪ್ಪೆ ಸಂಖ್ಯೆ. ಆದರೆ ಉಳಿದ ಮೂರಕ್ಕೂ ಇಲ್ಲದ ಒಂದು ಗುಣ ಇದಕ್ಕಿದೆ: ಇದು ಎರಡು ವರ್ಗಗಳ ಮೊತ್ತ.

571432 = 754² + 54².

754ರ ವರ್ಗ 568516, 54ರ ವರ್ಗ 2916, ಕೂಡಿಸಿ ನೋಡಿ. ಇದನ್ನು ಕಣ್ಣುಮುಚ್ಚಿ ಹುಡುಕಬೇಕಿಲ್ಲ. ನಾಲ್ಕರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ ಎಂದು ಫರ್ಮಾ 1640ರ ಡಿಸೆಂಬರ್ 25ರಂದು ಮೆರ್ಸೆನ್‌ಗೆ ಬರೆದ ಕಾಗದದಲ್ಲಿ ಹೇಳಿದ್ದ. ಸಾಧನೆ ಕೊಟ್ಟಿರಲಿಲ್ಲ, ಅದನ್ನು ಕೊಟ್ಟವನು ಮುಂದಿನ ಶತಮಾನದ ಆಯ್ಲರ್. 71429ಕ್ಕೆ ಶೇಷ 1. ಆದ್ದರಿಂದ ಜೋಡಿ ಇದ್ದೇ ಇದೆ ಎಂಬ ಭರವಸೆಯಲ್ಲಿ 267ರಿಂದ ಒಂದೊಂದೇ ವರ್ಗ ಕಳೆಯುತ್ತ ಇಳಿದರೆ 202ರಲ್ಲಿ ಸಿಗುತ್ತದೆ: 202² + 175². ಇದನ್ನು ಎರಡರಿಂದ ಗುಣಿಸಬೇಕಾದರೆ ಇವೆರಡನ್ನು ಕೂಡಿಸಿ, ಕಳೆಯಿರಿ: 377, 27. ಆ ಇಬ್ಬರ ವರ್ಗಗಳ ಮೊತ್ತ 71429ರ ಇಮ್ಮಡಿ. ಎರಡನ್ನೂ ಇಮ್ಮಡಿಸಿದರೆ 754, 54. ಎರಡು ವರ್ಗಗಳ ಮೊತ್ತವನ್ನು ಅಂಥದೇ ಇನ್ನೊಂದರಿಂದ ಗುಣಿಸಿದರೂ ಎರಡು ವರ್ಗಗಳ ಮೊತ್ತವೇ ಸಿಗುತ್ತದೆ ಎಂಬ ಈ ಉಪಾಯ ಬ್ರಹ್ಮಗುಪ್ತನ ಸೂತ್ರದಿಂದ ಬರುತ್ತದೆ, ಅವನು 628ರಲ್ಲಿ ಬರೆದ ಗ್ರಂಥದಲ್ಲಿದೆ.

ಶೇಷ 3 ಬರುವ ಅವಿಭಾಜ್ಯಗಳು ಇಲ್ಲಿ ತಕರಾರು ತೆಗೆಯುತ್ತವೆ. 3, 7, 11, 47 ಆ ಗುಂಪಿನವು. ಅವು ಜೋಡಿಜೋಡಿಯಾಗಿ ಬಂದರೆ ತೊಂದರೆಯಿಲ್ಲ, ಬೆಸ ಸಲ ಬಂದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಲಾರದು. ಪಾಂಡವಪುರ 3ರಿಂದ ಕೆಟ್ಟಿತು, ಕೆ.ಆರ್. ಪೇಟೆ 47ರಿಂದ. ಶ್ರೀರಂಗಪಟ್ಟಣ ಕೆಟ್ಟದ್ದು ಒಂದೇ ಒಂದು ಏಳಿನಿಂದ. ಐದರ ಬದಲು ನಾಲ್ಕೇ ಏಳುಗಳಿದ್ದಿದ್ದರೆ ಅದು 81634 ಆಗಿ, 245² + 147² ಎಂದು ಬರೆಸಿಕೊಳ್ಳುತ್ತಿತ್ತು. ಐದನೆಯ ಏಳು ಅಂಕಿಗಳ ಅಂದ ಕೊಟ್ಟು ಈ ಅಂದವನ್ನು ಕಿತ್ತುಕೊಂಡಿತು.

ಪಾಂಡವಪುರದ ಕೈ ಖಾಲಿಯೇನಲ್ಲ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಅದಕ್ಕೆ 571446 ಸಿಗುತ್ತದೆ, ತನಗಿಂತ 12 ಹೆಚ್ಚು. ಕೂಡಿಸಿದ್ದು ಸರಿಯಾಗಿ ತನ್ನಷ್ಟೇ ಆಗಿದ್ದರೆ ಪರಿಪೂರ್ಣ ಸಂಖ್ಯೆ ಎನ್ನುತ್ತಿದ್ದೆವು. ಇದು ಇಷ್ಟು ಹತ್ತಿರ ಬರಲು ಕಾರಣ 6. ಆರು ಸ್ವತಃ ಪರಿಪೂರ್ಣ (1 + 2 + 3), ಅದನ್ನು ದೊಡ್ಡ ಅವಿಭಾಜ್ಯದಿಂದ ಗುಣಿಸಿದರೆ ಯಾವಾಗಲೂ 12 ಮಾತ್ರ ಮಿಕ್ಕುತ್ತದೆ. ಉಳಿದ ಮೂರೂ ತಾಲ್ಲೂಕುಗಳಿಗೆ ಈ ಮೊತ್ತ ತಮಗಿಂತ ಕಡಿಮೆ.

ಆರು ಅಂಕಿಯ ಸಂಖ್ಯೆಯನ್ನು ದೊಡ್ಡದೆಂದು ಕರೆದರೆ ನಗುವವರಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಮನಸ್ಸಿನಲ್ಲೇ ತೆಗೆದರು. ಉತ್ತರ 546372891. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಅದರಲ್ಲಿ ತಲಾ ಒಂದು ಸಲ ಇವೆ, ಮೊತ್ತ 45, ಹಾಗಾಗಿ ಒಂಬತ್ತರಿಂದ ಭಾಗವಾಗುತ್ತದೆ. ಭಾಗಿಸಿ ನೋಡಿದರೆ ಇನ್ನೂ ಒಂದು ಮೂರು ಸಿಗುತ್ತದೆ: 27 × 20236033. ಅಂದಮೇಲೆ ಆ 201 ಅಂಕಿಯ ದೈತ್ಯ ಮೂರರಿಂದ 69 ಸಲ ಭಾಗವಾಗುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಬಗ್ಗೆ ಇಷ್ಟು ಸುಲಭವಾಗಿ ಹೇಳಲು ಸಾಧ್ಯವಾದದ್ದು ಅದು ಹೇಗೆ ಕಟ್ಟಿದ್ದು ಎಂದು ನಮಗೆ ಗೊತ್ತಿರುವುದರಿಂದ. ಗೊತ್ತಿಲ್ಲದಿದ್ದರೆ ಕಥೆಯೇ ಬೇರೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಇಟ್ಟಿದ್ದ 250 ಅಂಕಿಯ ಆರ್‌ಎಸ್‌ಎ-250 ಎಂಬ ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಒಡೆಯಲಾಯಿತು. ಹಲವು ಕಂಪ್ಯೂಟರುಗಳಿಗೆ ಹಂಚಿದ ಆ ಕೆಲಸವನ್ನು ಒಂದೇ ಪ್ರೊಸೆಸರ್ ಕೋರ್ ಮಾಡಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು. ಅಂತರ್ಜಾಲದಲ್ಲಿ ಸಹಿ, ಗುಟ್ಟು ಕಾಯುವ ಬೀಗಗಳಲ್ಲಿ ಇಂದು ಬಳಕೆಯಲ್ಲಿರುವ ಇಂಥ ಸಂಯುಕ್ತ ಸಂಖ್ಯೆಗಳಲ್ಲಿ ಹಲವಕ್ಕೆ 617 ಅಂಕಿ. ವಿಚಿತ್ರವೆಂದರೆ, ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೋ ಸಂಯುಕ್ತವೋ ಎಂದು ತೀರ್ಮಾನಿಸುವುದು ಕಷ್ಟವಲ್ಲ. ಅದಕ್ಕೆ ಎಂದೂ ತಪ್ಪದ, ಅಂಕಿ ಹೆಚ್ಚಿದರೂ ಕೈಕೊಡದ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಇದು ಒಡೆಯುತ್ತದೆ ಎಂದು ಖಾತ್ರಿಯಾಗಿ ಹೇಳಬಹುದು, ಎಲ್ಲಿ ಒಡೆಯುತ್ತದೆ ಎಂದು ಹೇಳಲಾಗದು.

ನಮ್ಮ ಪಿನ್‌ಕೋಡುಗಳಿಗೆ ಆ ಕಷ್ಟವಿಲ್ಲ, ಒಂದು ಹಾಳೆ ಪೆನ್ಸಿಲ್ ಸಾಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ 571431ನ್ನು ಬೇಕೆಂದೇ ನಿಮಗೆ ಬಿಟ್ಟಿದ್ದೇನೆ. ಅಂಕಿಗಳ ಮೊತ್ತ ಒಂದು ಅಪವರ್ತನವನ್ನು ಹೇಳಿಬಿಡುತ್ತದೆ. ಇನ್ನೊಂದಕ್ಕೆ ಭಾಗಾಕಾರವೂ ಬೇಡ: ಮೇಲುಕೋಟೆ ಶ್ರೀರಂಗಪಟ್ಟಣಕ್ಕಿಂತ ಸರಿಯಾಗಿ 7 ಕಡಿಮೆ. ಮೂರನೆಯದರ ಮುಂದೆ ನಿಂತಾಗ 163ರವರೆಗಿನ 38 ಅವಿಭಾಜ್ಯಗಳನ್ನು ಹಚ್ಚಿ ನೋಡದೆ ಬಿಡಬೇಡಿ.